34 ಸಾವಿರದ ಜಾದೂ ಸಾಮಾನು ಅಟ್ಟದ ಮೇಲಿದೆ, ಇನ್ನೂ ಕೊಳ್ಳಬೇಕಾ?

ಪ್ರಶ್ನೆ: ಸರ್, ನಾನು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪ್ರೈಮರಿ ಶಾಲೆ ಮೇಷ್ಟ್ರು. ವಯಸ್ಸು 36. ಒಂದೂವರೆ ವರ್ಷದಿಂದ ಹವ್ಯಾಸಕ್ಕೆ ಮ್ಯಾಜಿಕ್ ಕಲಿಯುತ್ತಿದ್ದೇನೆ. ಇದುವರೆಗೆ 34 ಸಾವಿರ ಖರ್ಚಾಗಿದೆ. 150 ಆಟಗಳ ಕಿಟ್‌ಗೆ 2,200, ಹನ್ನೊಂದು ಪ್ಯಾಕ್ ಇಸ್ಪೀಟ್ ಎಲೆಗೆ 6,500, ವಿಡಿಯೋ ನೋಡಿ ತರಿಸಿದ ಗುಟ್ಟಿನ ಸಾಧನ, ಅಂದರೆ ಗಿಮಿಕ್‌ಗಳಿಗೆ 11,300, ಆನ್‌ಲೈನ್ ಕೋರ್ಸಿಗೆ 9,000, ಅಮೆರಿಕದ ಹಾಫ್ ಡಾಲರ್ ನಾಣ್ಯಗಳಿಗೆ 3,000, ಕಣ್ಣಿಗೆ ಕಾಣದ ದಾರ, ಸಿಲ್ಕ್ ಕರವಸ್ತ್ರ ಅಂತ 2,000. ಹೋದ ತಿಂಗಳು ಅಕ್ಕನ ಮಗನ ಹುಟ್ಟುಹಬ್ಬದಲ್ಲಿ ನಾಣ್ಯ ಮಾಯ ಮಾಡಲು ಹೋದೆ. ಕೈ ನಡುಗಿತು. ಮುಂದೆ ಕೂತಿದ್ದ ಹುಡುಗ "ಮಾಮ, ಆ ಕೈಲೇ ಇದೆ" ಅಂತ ಕೂಗಿದ. ಎಲ್ಲರೂ ನಕ್ಕರು. ಅವತ್ತಿಂದ ಸಾಮಾನೆಲ್ಲ ಅಟ್ಟ ಸೇರಿದೆ. ನನ್ನ ಕೈ ಚಿಕ್ಕದು, ಬೆರಳು ಗಿಡ್ಡ. ಅದಕ್ಕೇ ಬರುತ್ತಿಲ್ಲವಾ? ವ್ಯಾಪಾರಿಯೊಬ್ಬರು 28 ಸಾವಿರಕ್ಕೆ ಒಳಗೆ ಆಳು ಸೇರುವಂಥ ಸ್ಟೇಜ್ ಪೆಟ್ಟಿಗೆ ಕೊಡುತ್ತೇನೆ, ಅದಕ್ಕೆ ಕೈಚಳಕ ಬೇಕಿಲ್ಲ ಅನ್ನುತ್ತಾರೆ. ತಗೊಳ್ಳಲಾ? ಇಲ್ಲಾ ಗುರು ಹುಡುಕಲಾ? ಅಮ್ಮನಿಗೆ ಇದು ಮಾಟ ಮಂತ್ರದ ಸಹವಾಸ ಅಂತ ಭಯ. ಹೆಂಡತಿಗೆ ಖರ್ಚಿನ ಚಿಂತೆ. ಬಿಟ್ಟುಬಿಡಲಾ?

ಉತ್ತರ: ಮೇಷ್ಟ್ರೇ, ಮೊದಲು ಆ 28 ಸಾವಿರ ಬ್ಯಾಂಕಿನಲ್ಲೇ ಇರಲಿ. ಪೆಟ್ಟಿಗೆ ಬೇಡ. ಕಾರಣ ಮುಂದೆ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿವೆ. ಆದರೆ ನನಗೆ ಕೇಳಿಸಿದ್ದು ಒಂದೇ. ಇಷ್ಟು ದುಡ್ಡು ಹಾಕಿದರೂ ಬರಲಿಲ್ಲ ಅಂದರೆ ತಪ್ಪು ನನ್ನಲ್ಲೇ ಇರಬೇಕು ಅನ್ನುವ ನೋವು. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಇಪ್ಪತ್ತಾರು ವರ್ಷದಿಂದ ಆಟ ತೋರಿಸುತ್ತಿದ್ದೇನೆ, ಭಾನುವಾರ ಕಲಿಸುತ್ತೇನೆ. ಇದೇ ನೋವನ್ನು ಹೊತ್ತುಕೊಂಡು ಬಂದವರು ತುಂಬಾ ಜನ. ಅವರಲ್ಲಿ ಕೈ ಸರಿಯಿಲ್ಲದೆ ಬಿಟ್ಟವರು ಒಬ್ಬರೂ ನೆನಪಿಗೆ ಬರುತ್ತಿಲ್ಲ.

ಕೈಯ ವಿಷಯವನ್ನೇ ಮೊದಲು ಮುಗಿಸೋಣ. ಅರ್ಜೆಂಟೀನಾದಲ್ಲಿ ರೆನೆ ಲವಾಂಡ್ ಅಂತ ಒಬ್ಬ ಜಾದೂಗಾರರಿದ್ದರು, 1928ರಿಂದ 2015ರವರೆಗೆ ಬದುಕಿದ್ದವರು. ಒಂಬತ್ತನೇ ವಯಸ್ಸಿನಲ್ಲಿ ಅಪಘಾತದಲ್ಲಿ ಬಲಗೈ ಹೋಯಿತು. ಉಳಿದ ಎಡಗೈ ಒಂದರಲ್ಲೇ ಇಸ್ಪೀಟ್ ಎಲೆಗಳ ಆಟ ಕಟ್ಟಿದರು. ಜಗತ್ತಿನ ದೊಡ್ಡ ದೊಡ್ಡ ಜಾದೂಗಾರರು ಅವರ ಮುಂದೆ ಕೂತು ನೋಡುತ್ತಿದ್ದರು. ಇನ್ನೊಂದು ವಿಶೇಷ ಇದೆ. ಅವರು ಒಂದೇ ಆಟವನ್ನು ಮತ್ತೆ ಮತ್ತೆ, ಪ್ರತಿ ಸಲ ಇನ್ನಷ್ಟು ನಿಧಾನವಾಗಿ ತೋರಿಸುತ್ತಿದ್ದರು. ಕೈ ಕಣ್ಣಿಗಿಂತ ವೇಗವಾಗಿ ಓಡಬೇಕು ಅಂತ ನಮಗೆ ಯಾರೋ ಹೇಳಿಬಿಟ್ಟಿದ್ದಾರೆ. ಅದು ಸುಳ್ಳು. ಯಾವ ಕೈಯೂ ಕಣ್ಣಿಗಿಂತ ವೇಗವಲ್ಲ. ನೋಡುವವರ ಗಮನ ಬೇರೆ ಕಡೆ ಇದ್ದಾಗ ಕೈ ನಿಧಾನವಾಗಿ ತನ್ನ ಕೆಲಸ ಮುಗಿಸುತ್ತದೆ, ಅಷ್ಟೇ. ನೀವು ಅವಸರ ಮಾಡಿದಿರಿ. ಅವಸರದ ಕೈ ಎಲ್ಲರ ಕಣ್ಣನ್ನೂ ತನ್ನತ್ತಲೇ ಎಳೆಯುತ್ತದೆ.

ನಿಮ್ಮ ಬೆರಳು ಗಿಡ್ಡ ಅನ್ನುವುದರಲ್ಲಿ ಒಂದು ಸಣ್ಣ ನಿಜ ಇದೆ, ಅದು ನಾಣ್ಯದ ಕಡೆಯಿಂದ ಬಂದದ್ದು. ಅಮೆರಿಕದ ಹಾಫ್ ಡಾಲರ್ 30.6 ಮಿಲಿಮೀಟರ್ ಅಗಲ, 11 ಗ್ರಾಂಗಿಂತ ಜಾಸ್ತಿ ತೂಕ. ಅಲ್ಲಿನ ನಾಣ್ಯದಾಟದ ಪುಸ್ತಕಗಳು ಹೆಚ್ಚಾಗಿ ಆ ನಾಣ್ಯ ಇಟ್ಟುಕೊಂಡೇ ಬರೆದದ್ದು. ಚಿಕ್ಕ ಅಂಗೈಗೆ ಅದು ಹೊಂದುವುದಿಲ್ಲ. ನಮ್ಮ ಹತ್ತು ರೂಪಾಯಿ ನಾಣ್ಯ 27 ಮಿಲಿಮೀಟರ್. ಅಂಗೈಯಲ್ಲಿ ಚೆನ್ನಾಗಿ ಕೂರುತ್ತದೆ. ಮನೆಯಲ್ಲಿ ಹಳೇ ಡಬ್ಬಿ ಇದ್ದರೆ 1975ರ ಸುಮಾರಿನ ದೊಡ್ಡ ಒಂದು ರೂಪಾಯಿ ಹುಡುಕಿ. ಅದು 28 ಮಿಲಿಮೀಟರ್, 8 ಗ್ರಾಂ. ನನಗೆ ಅದಕ್ಕಿಂತ ಒಳ್ಳೆ ನಾಣ್ಯ ಸಿಕ್ಕಿಲ್ಲ. ಇನ್ನೊಂದು ಮಾತು. ನಮ್ಮ ಹಳ್ಳಿ ಮನೆಯಲ್ಲಿ ವಿದೇಶಿ ನಾಣ್ಯ ತೆಗೆದ ತಕ್ಷಣ ಇದರಲ್ಲೇ ಏನೋ ಇದೆ ಅಂತ ಜನ ತೀರ್ಮಾನ ಮಾಡಿಬಿಡುತ್ತಾರೆ. ಆಮೇಲೆ ನೀವು ಎಷ್ಟು ಚೆನ್ನಾಗಿ ಮಾಡಿದರೂ ಅನುಮಾನ ಹೋಗುವುದಿಲ್ಲ. ಅದೇ ಅಕ್ಕನ ಕೈಯಿಂದ ಹತ್ತು ರೂಪಾಯಿ ಈಸಿಕೊಂಡು ಮಾಡಿ ನೋಡಿ.

ಈಗ ಆ ಹುಟ್ಟುಹಬ್ಬಕ್ಕೆ ಬರೋಣ. ನೀವು ಬರೆದದ್ದನ್ನು ಓದುವಾಗ ಆ ಹಾಲ್ ನನ್ನ ಕಣ್ಣ ಮುಂದೆ ಬಂತು. ದೊಡ್ಡವರು ಗೋಡೆ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಮಕ್ಕಳು ನೆಲದ ಮೇಲೆ ಚಾಪೆ ಹಾಕಿಕೊಂಡು. ನೀವು ನಿಂತುಕೊಂಡು. ಅಲ್ವಾ? ಹಾಗಿದ್ದರೆ ನಿಮ್ಮ ಕೈ ಎದೆಯ ಮಟ್ಟದಲ್ಲಿದೆ, ಆ ಹುಡುಗನ ಕಣ್ಣು ಎರಡು ಎರಡೂವರೆ ಅಡಿ ಎತ್ತರದಲ್ಲಿದೆ. ಅವನು ನಿಮ್ಮ ಅಂಗೈಯನ್ನು ಕೆಳಗಿನಿಂದ ನೋಡುತ್ತಿದ್ದಾನೆ. ಕುರ್ಚಿಯಲ್ಲಿ ಕೂತವರಿಗೆ ಕಾಣದ್ದು ಅವನಿಗೆ ಪೂರ್ತಿ ಕಾಣುತ್ತದೆ. ನೀವು ಕಲಿತ ವಿಡಿಯೋದಲ್ಲಿ ಕ್ಯಾಮೆರಾ ಎದುರಿಗೆ, ಮುಖದ ಮಟ್ಟದಲ್ಲಿತ್ತು. ಅಭ್ಯಾಸ ಮಾಡಿದ್ದು ಕನ್ನಡಿ ಮುಂದೆ, ಅದೂ ಮುಖದ ಮಟ್ಟದಲ್ಲಿ. ನೆಲದ ಮೇಲೆ ಕೂತ ಎಂಟು ವರ್ಷದ ಹುಡುಗನ ಕಣ್ಣಿಂದ ಆ ಆಟ ಹೇಗೆ ಕಾಣುತ್ತದೆ ಅಂತ ಯಾರೂ ನಿಮಗೆ ಹೇಳಲಿಲ್ಲ. 9,000 ರೂಪಾಯಿಯ ಕೋರ್ಸು ಕೂಡ.

ಮತ್ತೆ, ಶುರು ಮಾಡುವಾಗ ಏನು ಹೇಳಿದಿರಿ? ನನ್ನ ಊಹೆ, "ಈಗ ಈ ನಾಣ್ಯ ಮಾಯ ಆಗುತ್ತೆ, ಸರಿಯಾಗಿ ನೋಡ್ತಾ ಇರಿ" ಅಂತ. ಮೊದಮೊದಲು ಎಲ್ಲರೂ ಹೀಗೇ ಹೇಳುತ್ತಾರೆ. ಹಾಗಂದ ಮೇಲೆ ಮೂವತ್ತು ಜೊತೆ ಕಣ್ಣು ನಿಮ್ಮ ಕೈಗೆ ಅಂಟಿಕೊಳ್ಳುತ್ತವೆ. ಏನಾಗುತ್ತದೆ ಅಂತ ಮೊದಲೇ ಹೇಳಬಾರದು. ಚೆನ್ನಾಗಿ ಬಂದ ಆಟವನ್ನು "ಇನ್ನೊಂದ್ಸಲ, ಇನ್ನೊಂದ್ಸಲ" ಅಂದರೂ ಅದೇ ರೀತಿ ತಿರುಗಿ ಮಾಡಬಾರದು. ಲವಾಂಡ್ ಹಾಗೆ ಮಾಡಿದ್ದು ಜೀವಮಾನದ ಅಭ್ಯಾಸದ ಮೇಲೆ.

ನಡುಕ ಕಾಯಿಲೆ ಅಲ್ಲ. ಜನರ ಮುಂದೆ ನಿಂತಾಗ ಅಡ್ರಿನಲಿನ್ ಹೆಚ್ಚುತ್ತದೆ, ಬೆರಳ ತುದಿ ತಣ್ಣಗಾಗಿ ನಡುಗುತ್ತದೆ. ನೀವು ದಿನಾ ನಲವತ್ತು ಮಕ್ಕಳ ಮುಂದೆ ಪಾಠ ಮಾಡುವವರು, ಆಗ ನಡುಗುವುದಿಲ್ಲ. ಯಾಕಂದ್ರೆ ಅಲ್ಲಿ ಬಚ್ಚಿಡುವಂಥದ್ದು ಏನೂ ಇಲ್ಲ. ಅದಕ್ಕೇ ನಾನು ಕಲಿಯುವವರಿಗೆ ಹೇಳುವುದು, ಮೊದಲ ಆಟದಲ್ಲಿ ಕೈಯಲ್ಲಿ ಗುಟ್ಟು ಇರಬಾರದು. ಲೆಕ್ಕದ ಮೇಲೆ ತಾನಾಗಿ ಆಗುವ ಆಟ, ಇಲ್ಲಾ ಮೇಜಿನ ಮೇಲೆ ಇಟ್ಟು ಮಾಡುವ ಆಟ ಇರಲಿ. ಎರಡು ನಿಮಿಷ ಕಳೆಯುವಷ್ಟರಲ್ಲಿ ಕೈ ಹತೋಟಿಗೆ ಬರುತ್ತದೆ. ನಾಣ್ಯ ಆಮೇಲೆ.

ಇನ್ನು ದುಡ್ಡಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಯಾಕಂದ್ರೆ ನಿಮ್ಮ ಹೆಂಡತಿಯ ಚಿಂತೆ ನ್ಯಾಯವಾದದ್ದು, ನೀವು ದುಂದುಗಾರರೂ ಅಲ್ಲ.

ಮ್ಯಾಜಿಕ್ ಸಾಮಾನಿನ ಜಾಹೀರಾತು ನೋಡುವಾಗ ನೀವು ಪ್ರೇಕ್ಷಕರು. ನಿಮಗೆ ಬೆರಗಾಗುತ್ತದೆ. ಆ ಬೆರಗಿಗೆ ದುಡ್ಡು ಕೊಡುತ್ತೀರಿ. ಪಾರ್ಸೆಲ್ ಬಿಚ್ಚಿದಾಗ ಒಳಗೆ ಒಂದು ಸಣ್ಣ ತಗಡಿನ ಚೂರು, ಒಂದು ಮ್ಯಾಗ್ನೆಟ್, ಇಲ್ಲಾ ಹಿಂದೆ ಏನೋ ಅಂಟಿಸಿದ ಎಲೆ. ಇಷ್ಟೇನಾ ಅನ್ನಿಸುತ್ತದೆ. ಮೋಸ ಹೋದೆ ಅನ್ನಿಸುತ್ತದೆ. ನಿಜ ಹೇಳಬೇಕಂದ್ರೆ ಹೆಚ್ಚಿನ ಸಲ ಅದು ಮೋಸ ಅಲ್ಲ. ಗುಟ್ಟು ಯಾವಾಗಲೂ ಅಷ್ಟೇ ಸಣ್ಣದಾಗಿರುತ್ತದೆ. 1584ರಲ್ಲಿ ಇಂಗ್ಲೆಂಡಿನ ರೆಜಿನಾಲ್ಡ್ ಸ್ಕಾಟ್ ಎಂಬಾತ ಮಾಟಗಾತಿಯರೆಂದು ಹಿಂಸೆ ಪಡುತ್ತಿದ್ದವರ ಪರವಾಗಿ ಒಂದು ಪುಸ್ತಕ ಬರೆದ. ಜನ ಪವಾಡ ಅಂದುಕೊಂಡಿದ್ದ ಎಷ್ಟೋ ಕೈಚಳಕಗಳ ಗುಟ್ಟು ಅದರಲ್ಲೇ ಇದೆ. ನಾಲ್ಕು ನೂರು ವರ್ಷ ಆದಮೇಲೂ ಅವೇ ಆಟ ನಡೆಯುತ್ತಿವೆ, ಜನ ಅವಕ್ಕೇ ಬೆರಗಾಗುತ್ತಿದ್ದಾರೆ. ಅಂದರೆ ಬೆಲೆ ಇರುವುದು ಗುಟ್ಟಿಗಲ್ಲ, ಗುಟ್ಟಿನ ಮೇಲೆ ನೀವು ಕಟ್ಟುವ ಮಾತು, ನಿಲುವು, ಸಮಯ ಇವುಗಳಿಗೆ. ಅವು ಪಾರ್ಸೆಲ್‌ನಲ್ಲಿ ಬರುವುದಿಲ್ಲ. ಬರದೇ ಇದ್ದಾಗ ನಾವು ಇನ್ನೊಂದು ಪಾರ್ಸೆಲ್ ತರಿಸುತ್ತೇವೆ. ನಿಮ್ಮ 11,300 ಹೋಗಿದ್ದು ಹೀಗೆ.

ನನ್ನ ಕಥೆಯೂ ಇದೇ. ಇಪ್ಪತ್ತೊಂದರ ವಯಸ್ಸಿನಲ್ಲಿ, ಮೂರು ತಿಂಗಳ ಸಂಬಳ ಕೂಡಿಸಿ ಅಂಚೆಯಲ್ಲಿ ಒಂದು ಪೆಟ್ಟಿಗೆ ತರಿಸಿದ್ದೆ. ವ್ಯಾಪಾರಿ ಕಳಿಸಿದ್ದು ಸಾಮಾನು ಮಾತ್ರ. ಹೇಗೆ ನಿಲ್ಲಬೇಕು, ಬೆಳಕು ಎಲ್ಲಿರಬೇಕು ಅಂತ ಒಂದು ಸಾಲೂ ಇರಲಿಲ್ಲ. ಅದನ್ನು ಒಂದು ಸಲವೂ ಜನರ ಮುಂದೆ ತೋರಿಸಲಿಲ್ಲ. ಆ ದಿನಗಳ ಬೇಸರ ಇನ್ನೂ ನೆನಪಿದೆ. ಅದಕ್ಕೇ ನಿಮ್ಮ ಪತ್ರಕ್ಕೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಆ 28 ಸಾವಿರದ ಪೆಟ್ಟಿಗೆಗೆ ಕೈಚಳಕ ಬೇಕಿಲ್ಲ ಅನ್ನುವುದು ಅರ್ಧ ನಿಜ. ಅದಕ್ಕೆ ಬೇರೆ ಬೇಕು. ಒಳಗೆ ಸೇರುವ ಒಬ್ಬ ಜೊತೆಗಾರ ಬೇಕು, ಅವರಿಗೆ ತಿಂಗಳುಗಟ್ಟಲೆ ತರಬೇತಿ ಬೇಕು. ಹಿಂದೆ ಮತ್ತು ಅಕ್ಕಪಕ್ಕ ಯಾರೂ ಕೂರದಂಥ ಸ್ಟೇಜ್ ಬೇಕು. ಸಾಗಿಸಲು ಟೆಂಪೋ ಬೇಕು. ಇಡಲು ಗೆದ್ದಲು ಹತ್ತದ ಜಾಗ ಬೇಕು. ಹಳ್ಳಿ ಶಾಲೆಯ ವಾರ್ಷಿಕೋತ್ಸವದಲ್ಲಿ ಜನ ಸ್ಟೇಜಿನ ಮೂರು ಕಡೆಯೂ ನಿಂತಿರುತ್ತಾರೆ, ಹುಡುಗರು ಹಿಂದಿನ ಪರದೆಯನ್ನೂ ಎತ್ತಿ ನೋಡುತ್ತಾರೆ. ಪೆಟ್ಟಿಗೆ ಅಲ್ಲಿ ಸೋಲುತ್ತದೆ. ಹವ್ಯಾಸಿಗೆ ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿಲ್ಲ.

ಕಾಣದ ದಾರದ ಕಥೆ ಚಿಕ್ಕದು. ಅದು ಕೂದಲಿಗಿಂತ ಸಪೂರ. ಫ್ಯಾನ್ ಗಾಳಿಗೆ ಹರಿಯುತ್ತದೆ, ತಪ್ಪಾದ ಕಡೆಯಿಂದ ಟ್ಯೂಬ್‌ಲೈಟ್ ಬಿದ್ದರೆ ಹೊಳೆಯುತ್ತದೆ. ಬೇಸಿಗೆಯಲ್ಲಿ ನೆಂಟರಿಗೆ ಫ್ಯಾನ್ ಆಫ್ ಮಾಡಿ ಅನ್ನಲು ಆಗುವುದಿಲ್ಲ. ಮೊದಲ ಎರಡು ವರ್ಷ ಅದನ್ನು ಮುಟ್ಟಬೇಡಿ.

ಸಿಲ್ಕ್ ಕರವಸ್ತ್ರ ಓದಿ ಮಾತ್ರ ಬೇಜಾರಾಯಿತು. ರೇಷ್ಮೆ ಗೂಡಿನ ಮಾರುಕಟ್ಟೆ ಇರುವ ಶಿಡ್ಲಘಟ್ಟದಲ್ಲಿ ಕೂತು ಆನ್‌ಲೈನ್‌ನಲ್ಲಿ ತರಿಸಿದ್ದೀರಿ. ಅದು ರೇಷ್ಮೆಯೇ ಹೌದಾ ಅಂತ ಒಂದು ಎಳೆ ಕಿತ್ತು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಪುಡಿಯಾದರೆ ರೇಷ್ಮೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಇದು ನಿಮ್ಮೂರಿನಲ್ಲಿ ಯಾರಿಗೂ ಹೊಸದಲ್ಲ. ನಮ್ಮ ಆಟಕ್ಕೆ ರೇಷ್ಮೆಯೇ ಯಾಕೆ ಬೇಕು ಅಂದರೆ, ತೆಳು ರೇಷ್ಮೆ ಮುಷ್ಟಿಯೊಳಗೆ ಇಷ್ಟೇ ಇಷ್ಟಾಗಿ ಮಡಚಿಕೊಳ್ಳುತ್ತದೆ, ಬಿಟ್ಟಾಗ ಅರಳುತ್ತದೆ. ಪಾಲಿಯೆಸ್ಟರ್ ಅಷ್ಟು ಚಿಕ್ಕದಾಗುವುದಿಲ್ಲ. ಹದಿನೆಂಟು ಇಂಚು ಚೌಕದ ತೆಳು ರೇಷ್ಮೆ ತುಂಡನ್ನು ಬಟ್ಟೆ ಅಂಗಡಿಯಲ್ಲಿ ಕತ್ತರಿಸಿಕೊಂಡು ಅಂಚು ಹೊಲಿಸಿದರೆ ಸಾಕು.

ಹನ್ನೊಂದು ಪ್ಯಾಕ್ ಎಲೆಯಲ್ಲಿ ಎರಡು ಇಟ್ಟುಕೊಳ್ಳಿ. ಕಾಗದದ ಎಲೆ ಇರಲಿ, ಪೂರ್ತಿ ಪ್ಲಾಸ್ಟಿಕ್ ಎಲೆ ಜಾರುತ್ತದೆ. ಪೋಕರ್ ಅಳತೆಯ ಎಲೆ ಎರಡೂವರೆ ಇಂಚು ಅಗಲ, ಬ್ರಿಡ್ಜ್ ಅಳತೆಯದು ಎರಡೂಕಾಲು. ನಿಮ್ಮ ಕೈಗೆ ಎರಡೂಕಾಲು ಇಂಚಿನದೇ ಹಿತ. ಆದರೆ ಒಂದು ಮಾತು ಕೇಳುತ್ತೇನೆ. ನಿಮ್ಮ ಪ್ರೇಕ್ಷಕರು ಯಾರು? ಶಾಲೆ ಮಕ್ಕಳು, ನೆಂಟರು, ಊರಿನವರು. ನಮ್ಮ ಕಡೆ ಹಿರಿಯರಿಗೆ ಇಸ್ಪೀಟ್ ಅಂದರೆ ಜೂಜು. ಹೆಂಗಸರಲ್ಲಿ, ಮಕ್ಕಳಲ್ಲಿ ಎಷ್ಟೋ ಜನರಿಗೆ ಆಟೀನ್ ಯಾವುದು, ಕಳಾವರ್ ಯಾವುದು ಅಂತ ಗೊತ್ತಿರುವುದಿಲ್ಲ. ತಾವು ಆರಿಸಿದ ಎಲೆಯನ್ನೇ ಮರೆತುಬಿಡುತ್ತಾರೆ. ಆಗ ನೀವು ಎಷ್ಟು ಸರಿಯಾಗಿ ಹುಡುಕಿ ಕೊಟ್ಟರೂ ಚಪ್ಪಾಳೆ ಬೀಳುವುದಿಲ್ಲ. ಶಾಲೆಯಲ್ಲಂತೂ ಇಸ್ಪೀಟ್ ಎಲೆ ಬೇಡವೇ ಬೇಡ. ಅಭ್ಯಾಸಕ್ಕೆ, ಸ್ನೇಹಿತರ ನಡುವೆ ಮಾತ್ರ ಇರಲಿ.

ಹಾಗಾದರೆ ಏನು ಮಾಡಬೇಕು ಅಂತ ಕೇಳುತ್ತೀರಿ. ನಮ್ಮ ಜಾತ್ರೆಗಳಲ್ಲಿ ಗಾರುಡಿಯವರು ಆಡುತ್ತಿದ್ದ ಬಟ್ಟಲು ಚೆಂಡಿನ ಆಟ ನೋಡಿದ್ದೀರಾ? ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಸುತ್ತಲೂ ಜನ, ಮೂರು ಬಟ್ಟಲು, ಬಟ್ಟೆಯ ಸಣ್ಣ ಉಂಡೆಗಳು. ನಮ್ಮ ದೇಶದ ಬಟ್ಟಲಿಗೆ ತಲೆಯ ಮೇಲೆ ಒಂದು ಗುಬುಟು ಇರುತ್ತದೆ, ಅದನ್ನು ಎರಡು ಬೆರಳಲ್ಲಿ ಹಿಡಿದು ಎತ್ತುತ್ತಾರೆ. ಸ್ಟೇಜ್ ಇಲ್ಲ, ಲೈಟ್ ಇಲ್ಲ, ಪರದೆ ಇಲ್ಲ. ಬಾಯಿ ಮಾತ್ರ ಒಂದು ಕ್ಷಣ ನಿಲ್ಲುವುದಿಲ್ಲ. ನಾನು ಜಾಸ್ತಿ ಕಲಿತದ್ದು ಅವರನ್ನು ನೋಡಿ. ಮಾತು ಎಲ್ಲಿ ಏರುತ್ತದೆ, ಎಲ್ಲಿ ನಗಿಸುತ್ತಾರೆ, ಜನ ನಕ್ಕಾಗ ಕೈ ಏನು ಮಾಡುತ್ತದೆ ಅಂತ ಗಮನಿಸಿದರೆ ಇಡೀ ವಿದ್ಯೆ ಅಲ್ಲೇ ಇದೆ.

ನೀವು ಶುರು ಮಾಡಲು ಮನೆಯ ಮೂರು ಸ್ಟೀಲ್ ಲೋಟ ಸಾಕು. ಒಂದೇ ಅಳತೆಯವು, ಒಂದರೊಳಗೊಂದು ಕೂರಬೇಕು, ಆದರೆ ಬಿಗಿಯಾಗಿ ಸಿಕ್ಕಿಹಾಕಿಕೊಳ್ಳಬಾರದು. ಉಂಡೆಗೆ ಹಳೇ ಪಂಚೆಯ ತುಂಡನ್ನು ದಾರ ಸುತ್ತಿ ಮಾಡಿಕೊಳ್ಳಿ. ಹುಣಸೆ ಬೀಜ ಬೇಡ, ಲೋಟಕ್ಕೆ ತಗುಲಿ ಸದ್ದಾಗುತ್ತದೆ. ಹಗ್ಗದ ಆಟಕ್ಕೆ ಮೆತ್ತನೆ ಹತ್ತಿ ಹಗ್ಗ ಎರಡು ಮೀಟರ್. ನಾಣ್ಯಕ್ಕೆ ಹತ್ತು ರೂಪಾಯಿ ನಾಲ್ಕು. ಒಂದು ಲೆಕ್ಕದ ಆಟ. ಈ ನಾಲ್ಕೇ ಆಟ, ಆರು ತಿಂಗಳು. ದಿನಾ ಇಪ್ಪತ್ತು ನಿಮಿಷ. ಆ ಕೋರ್ಸಿನಲ್ಲಿ ಈ ನಾಲ್ಕಕ್ಕೆ ಸಂಬಂಧಪಟ್ಟ ಪಾಠ ಇದ್ದರೆ ಅವನ್ನು ಮಾತ್ರ ನೋಡಿ.

ಅಭ್ಯಾಸಕ್ಕೆ ಕನ್ನಡಿ ಸ್ವಲ್ಪ ದಿನ ಸಾಕು. ಕನ್ನಡಿ ಮುಂದೆ ಒಂದು ಕೆಟ್ಟ ಚಾಳಿ ಬರುತ್ತದೆ. ಸರಿಯಾಗಿ ಗುಟ್ಟಿನ ಕ್ಷಣಕ್ಕೆ ನಾವೇ ಕಣ್ಣು ಮುಚ್ಚಿ ತೆಗೆಯುತ್ತೇವೆ. ಹಾಗಾಗಿ ನಮಗೆ ತಪ್ಪು ಕಾಣುವುದಿಲ್ಲ. ಮೊಬೈಲನ್ನು ನೆಲದಿಂದ ಎರಡು ಅಡಿ ಎತ್ತರದ ಸ್ಟೂಲ್ ಮೇಲೆ ಇಟ್ಟು ರೆಕಾರ್ಡ್ ಮಾಡಿ. ಅದೇ ಆ ಹುಡುಗನ ಕಣ್ಣು. ಆಮೇಲೆ ಎಡಕ್ಕೆ, ಬಲಕ್ಕೆ ಇಟ್ಟು ನೋಡಿ. ಮೊದಲ ತಿಂಗಳು ಯಾರಿಗೂ ತೋರಿಸಬೇಡಿ. ಆಮೇಲೆ ಮನೆಯವರೊಬ್ಬರಿಗೇ. ಆಮೇಲೆ ಮೂರು ಜನಕ್ಕೆ.

ಮಾತು ನಿಮ್ಮದೇ ಇರಲಿ. ವಿಡಿಯೋದ ಇಂಗ್ಲಿಷ್ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳಿದರೆ ಅದು ಬಾಯಿಪಾಠದ ಹಾಗೆ ಕೇಳುತ್ತದೆ. ನಿಮ್ಮ ಕಡೆ ತೆಲುಗು ಕನ್ನಡ ಎರಡೂ ಮನೆಮಾತು. ತರಗತಿಯಲ್ಲಿ ಮಕ್ಕಳ ಜೊತೆ ಹೇಗೆ ಮಾತಾಡುತ್ತೀರೋ ಹಾಗೇ ಮಾತಾಡಿ. ಆ ವಿಷಯದಲ್ಲಿ ನೀವು ನನ್ನ ಹತ್ತಿರ ಬರುವ ಬಹಳ ಜನಕ್ಕಿಂತ ಮುಂದಿದ್ದೀರಿ.

ಈ ದಾರಿಯಲ್ಲಿ ಒಂದು ಅಪಾಯ ಇದೆ. ಬೇಜಾರು. ಮೂರನೇ ತಿಂಗಳಿಗೆ ಅದೇ ಲೋಟ, ಅದೇ ಉಂಡೆ ನೋಡಿ ಸಾಕಾಗುತ್ತದೆ. ಆಗಲೇ ಕೈ ಮೊಬೈಲಿಗೆ ಹೋಗುವುದು, ಹೊಸದೇನಾದರೂ ತರಿಸೋಣ ಅಂತ. ಆ ವಾರ ತಡೆದುಕೊಳ್ಳಿ. ಯಾಕಂದ್ರೆ ಬೇಜಾರು ಬಂದಿದೆ ಅಂದರೆ ಕೈ ತಾನಾಗಿ ಕೆಲಸ ಮಾಡಲು ಶುರು ಮಾಡಿದೆ ಅಂತ. ಮಾತಿನ ಮೇಲೆ ಗಮನ ಕೊಡಲು ಆಗ ಸಮಯ ಸಿಗುತ್ತದೆ.

ಗುರು ಸಿಕ್ಕರೆ ಒಳ್ಳೆಯದೇ. ಬೆರಳಿನ ತಪ್ಪನ್ನು ಎದುರಿಗಿದ್ದವರು ಒಂದು ನಿಮಿಷದಲ್ಲಿ ಹಿಡಿಯುತ್ತಾರೆ, ವಿಡಿಯೋ ಹಿಡಿಯುವುದಿಲ್ಲ. ಆದರೆ ಸೇರುವ ಮುಂಚೆ ಅವರ ಆಟವನ್ನು ಜನರ ನಡುವೆ ಕೂತು ಒಂದು ಸಲ ನೋಡಿ. ಮೊದಲ ಮೂರು ತಿಂಗಳಿಗೆ ಏನೇನು ಕೊಳ್ಳಬೇಕು ಅಂತ ಕೇಳಿ. ಪಟ್ಟಿ ಉದ್ದವಾಗಿ, ಎಲ್ಲವೂ ಅವರ ಹತ್ತಿರವೇ ಸಿಗುವಂಥದ್ದಾದರೆ ಅದು ಅಂಗಡಿ. ಜೊತೆಗೆ ಹಿಪ್ನಾಟಿಸಂ, ವಶೀಕರಣ ಕೂಡ ಕಲಿಸುತ್ತೇನೆ ಅಂದರೆ ಎದ್ದು ಬನ್ನಿ. ಹತ್ತಿರದಲ್ಲಿ ಗುರು ಇಲ್ಲದಿದ್ದರೆ ಪುಸ್ತಕ. ಮಾರ್ಕ್ ವಿಲ್ಸನ್ 1975ರಲ್ಲಿ ತಂದ ಮ್ಯಾಜಿಕ್ ಕೋರ್ಸ್ ಪುಸ್ತಕ, ನಾಣ್ಯಕ್ಕೆ ಬೋಬೊ ಅವರ 1952ರ ಪುಸ್ತಕ, ಇವೆರಡರಲ್ಲಿ ಒಂದು ತಗೊಂಡರೆ ವರ್ಷಗಟ್ಟಲೆ ಸಾಕು. ಇಂಗ್ಲಿಷ್‌ನಲ್ಲಿವೆ, ಆದರೆ ಚಿತ್ರಗಳಿವೆ. ಓದುವುದು ವಿಡಿಯೋಗಿಂತ ನಿಧಾನ. ಆ ನಿಧಾನವೇ ಒಳ್ಳೆಯದು, ಬೇರೆಯವರ ನಡೆ ನುಡಿ ನಿಮಗೆ ಅಂಟಿಕೊಳ್ಳುವುದಿಲ್ಲ.

ಅಟ್ಟದ ಮೇಲಿನದನ್ನು ಮಾರುವುದಾದರೆ ಬಿಚ್ಚದ ಎಲೆ ಪ್ಯಾಕು, ಹಾಫ್ ಡಾಲರ್ ಮೊದಲು ಮಾರಿ. ಪೂರ್ತಿ ಬೆಲೆ ಬರುವುದಿಲ್ಲ, ಅರ್ಧ ಬಂದರೆ ಅದೃಷ್ಟ. ಕಿಟ್ ಮಾರಬೇಡಿ. 150 ಆಟ ಅಂತ ಬರೆದಿದ್ದರೂ ಅದರಲ್ಲಿ ಹತ್ತು ಹದಿನೈದು ಸಾಮಾನಷ್ಟೇ ಇರುತ್ತದೆ, ಅವನ್ನೇ ತಿರುಗಿಸಿ ಮುರುಗಿಸಿ ಲೆಕ್ಕ ಹಾಕಿರುತ್ತಾರೆ. ಆದರೆ ಅದರಲ್ಲಿ ಥಂಬ್ ಟಿಪ್, ಅಂದರೆ ಹೆಬ್ಬೆರಳಿಗೆ ತೊಡುವ ಟೊಳ್ಳು ತುದಿ, ಇದ್ದರೆ ಅದೊಂದೇ ನಿಮ್ಮ ದುಡ್ಡು ತೀರಿಸುತ್ತದೆ. ಬಣ್ಣ ನಮ್ಮ ಚರ್ಮಕ್ಕೆ ಹೊಂದುವುದಿಲ್ಲ ಅಂತ ಎಸೆಯಬೇಡಿ. ಬಣ್ಣಕ್ಕಿಂತ ಅಳತೆ ಮುಖ್ಯ, ಸಡಿಲ ಇರಬಾರದು. ಕಾಣದ ಹಾಗೆ ಹಿಡಿಯುವುದನ್ನು ಕಲಿತವರಿಗೆ ಬಣ್ಣ ಅಡ್ಡಿಯಾಗಿದ್ದು ನಾನು ನೋಡಿಲ್ಲ.

ಕೆಲವನ್ನು ದುಡ್ಡಿಗಾಗಿ ಅಲ್ಲ, ಅಪಾಯಕ್ಕಾಗಿ ಬೇಡ ಅನ್ನುತ್ತೇನೆ. ಫ್ಲಾಶ್ ಪೇಪರ್ ಅನ್ನುವುದು ನೈಟ್ರೋಸೆಲ್ಯುಲೋಸ್, ಕಿಡಿ ತಗುಲಿದರೆ ಒಂದೇ ಕ್ಷಣಕ್ಕೆ ಉರಿದುಹೋಗುತ್ತದೆ. ಒಣಗಿದ್ದನ್ನು ಮನೆಯಲ್ಲಿ, ಮಕ್ಕಳ ಹತ್ತಿರ ಇಡಬಾರದು. ಬಾಯಲ್ಲಿ ಸೀಮೆಎಣ್ಣೆ ಹಾಕಿ ಬೆಂಕಿ ಊದುವುದನ್ನು ಯಾರು ಎಷ್ಟೇ ಸುಲಭ ಅಂದರೂ ಮಾಡಬೇಡಿ. ಆ ಎಣ್ಣೆ ಒಂದು ಹನಿ ಶ್ವಾಸಕೋಶಕ್ಕೆ ಇಳಿದರೂ ಆಸ್ಪತ್ರೆ ಸೇರುವಂತಾಗುತ್ತದೆ. ಪಾರಿವಾಳ, ಮೊಲ ಬೇಡ. ಪ್ರದರ್ಶನಕ್ಕೆ ಪ್ರಾಣಿ ಬಳಸಲು 2001ರ ನಿಯಮದಂತೆ ನೋಂದಣಿ ಬೇಕು. ನಮ್ಮ ದೇಶದ ಗಿಳಿ, ಹಾವು ಅಂತೂ 1972ರ ವನ್ಯಜೀವಿ ಕಾಯ್ದೆಯ ಕೆಳಗೆ ಬರುತ್ತವೆ, ಇಟ್ಟುಕೊಳ್ಳುವುದೇ ಅಪರಾಧ.

ಅಮ್ಮನ ಭಯಕ್ಕೆ ವಾದ ಮಾಡಬೇಡಿ. ಹಗ್ಗದ ಆಟ ಒಂದನ್ನು ಅವರಿಗೇ ಕಲಿಸಿಬಿಡಿ. ಗುಟ್ಟು ಹೇಳಬಾರದು ಅನ್ನುವ ನಮ್ಮ ನಿಯಮಕ್ಕೆ ಇದೊಂದು ವಿನಾಯಿತಿ ಇರಲಿ. ತಮ್ಮ ಕೈಯಲ್ಲೇ ಆಗಿದ್ದನ್ನು ಕಂಡಮೇಲೆ ಮಾಟದ ಹೆದರಿಕೆ ಉಳಿಯುವುದಿಲ್ಲ. ನಮ್ಮ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿ ಮಾಡಿದ್ದರು. ಯಾವುದನ್ನೂ ಪ್ರಶ್ನೆ ಕೇಳದೆ ಒಪ್ಪಬೇಡಿ ಅನ್ನುತ್ತಿದ್ದವರು ಅವರು. ಅವರ ನೆಲದವರು ನಾವು. ಅದಕ್ಕೇ ನಾನು ಪ್ರತಿ ಆಟ ಮುಗಿಸುವಾಗ ಮಕ್ಕಳಿಗೆ ಒಂದು ಮಾತು ಹೇಳುತ್ತೇನೆ, ಇದು ಕೈಚಳಕ, ಅಭ್ಯಾಸ ಮಾಡಿದರೆ ನಿಮಗೂ ಬರುತ್ತದೆ. ಮೇಷ್ಟ್ರಾದ ನೀವು ಅದನ್ನು ಹೇಳಲೇಬೇಕು. ಮಕ್ಕಳು ನಿಮ್ಮನ್ನು ನಂಬುತ್ತಾರೆ.

ಬಿಡಬೇಕಾ ಅಂತ ಕೇಳಿದ್ದೀರಿ. ಆರು ತಿಂಗಳು ಒಂದು ರೂಪಾಯಿಯೂ ಖರ್ಚು ಮಾಡದೆ ಆ ನಾಲ್ಕು ಆಟ ಆಡಿ. ಆಮೇಲೂ ಖುಷಿ ಸಿಗದಿದ್ದರೆ ಬಿಡಿ, ಅದರಲ್ಲಿ ಸೋಲೇನಿಲ್ಲ. ಸಿಕ್ಕರೆ ಅಕ್ಕನ ಮನೆಗೆ ಹೋಗಿ, ಈ ಸಲ ನೀವೂ ಚಾಪೆಯ ಮೇಲೇ ಕೂತುಕೊಳ್ಳಿ. ಗೋಡೆ ನಿಮ್ಮ ಬೆನ್ನಿಗಿರಲಿ. ಮೂರು ಲೋಟ ಬೋರಲು ಹಾಕಿ. "ಆ ಕೈಲೇ ಇದೆ" ಅಂದ ಹುಡುಗನನ್ನು ಕರೆದು ಎದುರಿಗೆ ಕೂರಿಸಿಕೊಳ್ಳಿ. ಕೊನೆಯ ಲೋಟವನ್ನು ನೀವು ಮುಟ್ಟಬೇಡಿ, ಅವನ ಕೈಲೇ ಎತ್ತಿಸಿ.